ರೇಡಿಯೊ ಅಕ್ಕನ ಸಾಲು

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ತೋಟದಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದ್ದರೆ, ಯಾರನ್ನು ಕರೆಯುತ್ತಿದ್ದಾರೆ ಎಂದು ಅವಳೇ ಅತ್ತಿತ್ತ ನೋಡುತ್ತಿದ್ದಳೇನೋ. ಟೊಮೇಟೊ ಬಿಡಿಸುವ ಹೆಂಗಸರಿಗೆಲ್ಲ ಅವಳು ರೇಡಿಯೊ ಅಕ್ಕ. ಬೆಳಗ್ಗೆ ಟೆಂಪೊ ಹತ್ತುವಾಗ ಶುರುವಾದ ಮಾತು ಸಂಜೆ ಇಳಿಯುವ ತನಕ ನಿಲ್ಲುತ್ತಿರಲಿಲ್ಲ. ಬಾಯಿ ಓಡಿದಷ್ಟೇ ಜೋರಾಗಿ ಕೈಯೂ ಓಡುತ್ತಿತ್ತು. ಹಾಗಾಗಿ ಮೇಸ್ತ್ರಿ ಬೈಯುವ ಹಾಗೂ ಇರಲಿಲ್ಲ, ಬಿಡುವ ಹಾಗೂ ಇರಲಿಲ್ಲ. "ಇವಳ ಬಾಯಿ ಮುಚ್ಚಿಸಿದ್ರೆ ಕೈಯೂ ನಿಂತುಹೋಗುತ್ತೆ, ಸುಮ್ನೆ ಇರಿ" ಎಂದು ತೋಟದ ಯಜಮಾನನಿಗೆ ಅವನೇ ಹೇಳಿದ್ದ.

ಹದಿನೆಂಟು ವರ್ಷದಿಂದ ಅದೇ ಕೆಲಸ. ಕಡ್ಡಿ ನೆಟ್ಟು ದಾರ ಕಟ್ಟಿ ನಿಲ್ಲಿಸಿದ ಗಿಡಗಳ ಉದ್ದುದ್ದ ಸಾಲು. ಒಬ್ಬೊಬ್ಬರಿಗೆ ಒಂದೊಂದು. ಬಣ್ಣ ತಿರುಗಿದ ಹಣ್ಣನ್ನು ತೊಟ್ಟು ಬಿಡಿಸಿ ಬಕೆಟ್ಟಿಗೆ ಹಾಕಬೇಕು, ಬಕೆಟ್ಟು ತುಂಬಿದರೆ ಸಾಲಿನ ಕೊನೆಗೆ ಹೊತ್ತು ಕ್ರೇಟಿಗೆ ಸುರಿಯಬೇಕು, ಮತ್ತೆ ಬಂದು ಬಗ್ಗಬೇಕು. ಈ ಕೆಲಸದಲ್ಲಿ ಸೊಂಟ ನೋಯುವುದಕ್ಕಿಂತ ಮೊದಲು ಬೇಜಾರೇ ಮನುಷ್ಯನನ್ನು ತಿನ್ನುತ್ತದೆ. ರೇಡಿಯೊ ಅಕ್ಕ ಇದ್ದ ಕಡೆ ಬೇಜಾರು ಸುಳಿಯುತ್ತಿರಲಿಲ್ಲ. ಮೇಸ್ತ್ರಿಯ ಮೂಗಿನ ಮಾತು, ದವಾಖಾನೆಯ ನರ್ಸಮ್ಮನ ಗದರಿಕೆ, ತನ್ನ ಗಂಡನ ಗೊರಕೆ ಎಲ್ಲವನ್ನೂ ಆಡಿ ತೋರಿಸುವಳು. ಗೊರಕೆಯಲ್ಲೇ ಮೂರು ಬಗೆ. ಹೊಟ್ಟೆ ತುಂಬಿದ ದಿನದ್ದು, ಸಿಟ್ಟು ಮಾಡಿಕೊಂಡ ದಿನದ್ದು, ಎಚ್ಚರವಿದ್ದೂ ನಿದ್ದೆ ಬಂದವನ ಹಾಗೆ ನಟಿಸುವಾಗಿನದ್ದು. ಮೂರನೆಯದಕ್ಕೆ ಬರುವಾಗ ಹೆಂಗಸರು ಬಕೆಟ್ಟು ಇಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅವಳ ಪಕ್ಕದ ಸಾಲು ಹಿಡಿಯಲು ಟೆಂಪೊ ನಿಲ್ಲುವುದಕ್ಕೆ ಮೊದಲೇ ಧುಮುಕುವವರಿದ್ದರು. ಬಲಗಡೆಯ ಸಾಲು ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ. ಅದು ಅವಳ ವಾರಗಿತ್ತಿಯದು, ಮೈದುನನ ಹೆಂಡತಿಯದು. ಮನೆಯಲ್ಲಿ ಒಂದೇ ಗೋಡೆಯ ಆಚೆ ಈಚೆ, ತೋಟದಲ್ಲಿ ಒಂದೇ ದಾರದ ಆಚೆ ಈಚೆ.

ಗಂಡ ಸೈಕಲ್ಲು, ಬೈಕುಗಳ ಪಂಕ್ಚರ್ ಹಾಕುವವನು. ಬಾಯಿ ಬಿಟ್ಟರೆ ಮುತ್ತು ಉದುರುತ್ತದೋ ಎಂಬಂತೆ ಮುಚ್ಚಿಕೊಂಡೇ ಇರುವ ಆಸಾಮಿ. "ನಮ್ಮನೇಲಿ ಇಬ್ಬರ ಪಾಲಿನ ಮಾತೂ ನಂದೇ" ಎಂದು ಅವಳು ಹೇಳುತ್ತಿದ್ದಳು. ಒಬ್ಬಳೇ ಮಗಳು, ಶಾಲೆಯ ಕೊನೆಯ ವರ್ಷದಲ್ಲಿದ್ದಳು.

ಆ ವರ್ಷದ ಬಿಸಿಲು ಬೇರೆಯೇ ಆಗಿತ್ತು. ಬೆಳಗ್ಗೆ ಒಂಬತ್ತಕ್ಕೇ ಕಬ್ಬಿಣದ ಗೇಟು ಮುಟ್ಟಲು ಆಗುತ್ತಿರಲಿಲ್ಲ. ಗಿಡಗಳ ನಡುವೆ ಗಾಳಿ ಅಲ್ಲಾಡದು. ಕೆಳಗಿನಿಂದ ಒದ್ದೆ ಮಣ್ಣಿನ ಹಬೆ, ಮೇಲಿನಿಂದ ಸೂರ್ಯ. ಎಲೆಯ ಕರೆ, ಹೊಡೆದ ಔಷಧಿ ಮೈಗೆ ಹತ್ತಬಾರದೆಂದು ಎಲ್ಲರೂ ಉಡುಪಿನ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೂ ಮುಖಕ್ಕೂ ಬಟ್ಟೆ ಸುತ್ತಿರುತ್ತಿದ್ದರು. ನೀರಿನ ಡ್ರಮ್ಮು ಇದ್ದದ್ದು ಲಾರಿ ನಿಲ್ಲುವ ಕಡೆ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಪಕ್ಕದವಳು ಅರ್ಧ ಸಾಲು ಮುಂದೆ ಹೋಗಿರುತ್ತಾಳೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ನೀರು ಕುಡಿದರೆ ಆಮೇಲೆ ಹೋಗುವುದೆಲ್ಲಿಗೆ? ಕಣ್ಣು ಹಾಯಿಸಿದಷ್ಟು ದೂರ ಮರೆಯಿಲ್ಲ, ಲಾರಿಯ ಸುತ್ತ ಗಂಡಸರು. ಹೆಂಗಸರು ಬೆಳಗ್ಗೆ ಒಂದು ಲೋಟ ಕುಡಿದವರು ಊಟದ ಹೊತ್ತಿಗೆ ಇನ್ನೊಂದು ಲೋಟ ಕುಡಿದರೆ ಹೆಚ್ಚು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ರೇಡಿಯೊ ಅಕ್ಕನಿಗೆ ಎರಡು ದಿನದಿಂದ ಹೊಟ್ಟೆ ಕೆಟ್ಟಿತ್ತು. ಗಂಡ ಬಾಗಿಲಲ್ಲಿ ನಿಂತು, "ಇವತ್ತೊಂದಿನ ಬಿಡು" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

"ಲಾರಿ ಬಂದು ನಿಂತಿದೆಯಂತೆ, ಇಬ್ಬರು ಬೇರೆ ಬರೋಲ್ವಂತೆ. ನಾನೂ ಮಲಗಿದ್ರೆ ಅಲ್ಲಿ ಎಲ್ಲರೂ ನಿಂತಲ್ಲೇ ತೂಕಡಿಸ್ತಾರೆ" ಎಂದು ನಗುತ್ತ ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ಅವಳಿಗೆ ಆ ದಿನದ ಬಗ್ಗೆ ನೆನಪಿರುವುದು ಕೊಂಚವೇ. ಟೆಂಪೊ ಹತ್ತಿದ್ದು ನೆನಪಿದೆ, ಮೊದಲ ಎರಡು ಬಕೆಟ್ಟು ಸುರಿದದ್ದು ನೆನಪಿದೆ. ಮುಂದಿನದೆಲ್ಲ ಬೇರೆಯವರು ಹೇಳಿದ್ದು.

ಅವರು ಹೇಳಿದ್ದು ಇಷ್ಟು. ಮಧ್ಯಾಹ್ನ ಒಂದರ ಸುಮಾರಿಗೆ ಅವಳು ಸಾಲಿನ ನಡುವೆ ನಿಂತುಬಿಟ್ಟಳು. ಕೈಯಲ್ಲಿದ್ದ ಬಕೆಟ್ಟು ಜಾರಿ ಹಣ್ಣೆಲ್ಲ ಚೆಲ್ಲಿತು. ಬಗ್ಗಿ ಆರಿಸುವ ಬದಲು ಅವುಗಳ ಮೇಲೇ ನಡೆದುಕೊಂಡು ಹೋಗಿ ದಾರಕ್ಕೆ ತೊಡರಿ ಬಿದ್ದಳು. ವಾರಗಿತ್ತಿ ಗಿಡ ನುಗ್ಗಿಕೊಂಡು ಬಂದು ಕೆನ್ನೆ ಮುಟ್ಟಿದಾಗ ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ಪಾತ್ರೆ ಮುಟ್ಟಿದಂತಾಯಿತು. ಕಣ್ಣು ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಕೈಕಾಲು ಅದುರಲು ಶುರುವಾಯಿತು.

ವಾರಗಿತ್ತಿ ಸಣ್ಣ ಆಳು. ಗಾಳಿ ಬಂದರೆ ಹಾರಿಹೋಗ್ತೀಯ ಎಂದು ರೇಡಿಯೊ ಅಕ್ಕನೇ ಅವಳನ್ನು ಆಡಿಕೊಳ್ಳುತ್ತಿದ್ದಳು. ಆ ಸಣ್ಣ ಆಳು ಅಂದು ಅಕ್ಕನ ಅಂಗಿಯ ಗುಂಡಿಗಳನ್ನು ಕಿತ್ತೆಸೆದು, ತಲೆಯ ಬಟ್ಟೆ ಬಿಚ್ಚಿ, ಹತ್ತಿರದ ಪೈಪು ತಿರುಗಿಸಿದಳು. ಬಿಸಿಲಲ್ಲಿ ಬಿದ್ದಿದ್ದ ಪೈಪಿನಿಂದ ಸುಡುವ ನೀರು ಬಂತು. ಅದನ್ನು ಬಿಸುಟು, "ತೊಟ್ಟಿಗೆ ಎತ್ತಿ! ತೊಟ್ಟಿಗೆ!" ಎಂದು ಕಿರುಚಿದಳು. ಪಂಪ್ ಮನೆಯ ಪಕ್ಕ ನೆರಳಲ್ಲಿ ಸೊಂಟದೆತ್ತರದ ಸಿಮೆಂಟು ತೊಟ್ಟಿ ಇತ್ತು. ನಾಲ್ವರು ಹೆಂಗಸರು ಹೊತ್ತು ಓಡಿದರು. ಮೇಸ್ತ್ರಿ ಅಡ್ಡ ಬಂದ.

"ಕಾದ ಮೈಗೆ ತಣ್ಣೀರು ಹಾಕ್ಬೇಡಿ! ಜೀವ ಹೋಗುತ್ತೆ!"

"ಹೋಗೋದಾದ್ರೆ ನನ್ನ ಕೈಲೇ ಹೋಗ್ಲಿ, ನೀನು ದಾರಿ ಬಿಡು" ಎಂದಳು ವಾರಗಿತ್ತಿ. ಅಷ್ಟು ವರ್ಷದಲ್ಲಿ ಅವಳು ಮೇಸ್ತ್ರಿಗೆ ಎದುರು ಮಾತಾಡಿದ್ದು ಅದೇ ಮೊದಲು, ಅದೂ ಏಕವಚನದಲ್ಲಿ.

ತೊಟ್ಟಿಯೊಳಗೆ ತಾನೂ ಇಳಿದು, ಅಕ್ಕನನ್ನು ಕತ್ತಿನ ತನಕ ನೀರಲ್ಲಿ ಅದ್ದಿ, ತಲೆ ಮುಳುಗದಂತೆ ಎದೆಗೆ ಒರಗಿಸಿಕೊಂಡು ಕೂತಳು. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಉಳಿದವರು ಬಕೆಟ್ಟುಗಳಲ್ಲಿ ಹೊಸ ನೀರು ತಂದು ತಲೆಗೆ ಹೊಯ್ಯುತ್ತಲೇ ಇದ್ದರು. ಆ ಮಧ್ಯಾಹ್ನ ಲಾರಿ ಅರ್ಧ ತುಂಬಿಯೇ ಹೋಯಿತು.

"ತೊಟ್ಟಿಗೆ ಹಾಕಿದ ಕೈ ಯಾರದು?" ಎಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರಂತೆ. ಇನ್ನೂ ಒದ್ದೆ ಬಟ್ಟೆಯಲ್ಲೇ ನಿಂತಿದ್ದ ವಾರಗಿತ್ತಿ, ತಪ್ಪು ಮಾಡಿದವಳ ಹಾಗೆ ಕೈ ಎತ್ತಿದಳಂತೆ. "ನೀವು ಹಾಗೆ ಮಾಡದೆ ಇದ್ದಿದ್ರೆ ನಾನೀಗ ಮಾಡೋದಕ್ಕೆ ಏನೂ ಉಳೀತಿರಲಿಲ್ಲ" ಎಂದರಂತೆ ಡಾಕ್ಟರಮ್ಮ.

ಹನ್ನೊಂದು ದಿನ ಅವಳು ಕಣ್ಣು ಬಿಟ್ಟು ಮುಚ್ಚಿ ಮಾಡುತ್ತ ಮಲಗಿದ್ದಳು. ಮೂತ್ರಪಿಂಡ ಕೈಕೊಟ್ಟು ಮತ್ತೆ ಸರಿಯಾಯಿತು. ಹನ್ನೆರಡನೆಯ ದಿನ ಮಗಳ ಮುಖ ಗುರುತು ಹಿಡಿದು ಅವಳು ಬಾಯಿ ತೆರೆದಳು. ಹೊರಬಂದ ದನಿ ಅವಳದಲ್ಲ. ಬಾಯಿ ತುಂಬ ಹತ್ತಿ ತುರುಕಿದವರ ಹಾಗೆ, ಒಂದೊಂದು ಅಕ್ಷರವೂ ಕಾಲೆಳೆದುಕೊಂಡು ಬಂತು. ಎದ್ದು ನಿಲ್ಲಿಸಿದರೆ ದೋಣಿಯಲ್ಲಿ ನಿಂತವಳ ಹಾಗೆ ತೂರಾಡಿದಳು. ಡಾಕ್ಟರಮ್ಮ ಗಂಡನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ತಲೆಯ ಹಿಂಭಾಗದಲ್ಲಿ ನಡಿಗೆಯನ್ನೂ ಮಾತನ್ನೂ ಹದದಲ್ಲಿ ಇಡುವ ಒಂದು ಭಾಗವಿದೆ, ಅದು ಆ ಕಾವಿಗೆ ಬೆಂದಿದೆ. ಸ್ವಲ್ಪ ಸುಧಾರಿಸಬಹುದು, ಪೂರ್ತಿ ಮೊದಲಿನ ಹಾಗೆ ಎಂದು ಹೇಳಲಾರೆ. ಇನ್ನು ಬಿಸಿಲು ಬೇಡವೇ ಬೇಡ. ಒಮ್ಮೆ ಹೀಗಾದ ಮೈಗೆ ತನ್ನ ಕಾವನ್ನು ತಾನೇ ಇಳಿಸಿಕೊಳ್ಳುವುದು ಮರೆತುಹೋಗಿರುತ್ತದೆ.

ಗಂಡ ಎಲ್ಲವನ್ನೂ ಕೇಳಿ, "ಕೆಲಸ?" ಎಂದು ಒಂದೇ ಮಾತು ಕೇಳಿದ. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು.

ಮನೆಗೆ ಬಂದ ಮೇಲೆ ಮೊದಲ ತಿಂಗಳು ಅವಳಿಗೆ ದುಃಖಕ್ಕೂ ಪುರುಸೊತ್ತಿರಲಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗುವುದು ಒಂದು ಕೆಲಸ, ಲೋಟವನ್ನು ಚೆಲ್ಲದೆ ಬಾಯಿಗೆ ತರುವುದು ಇನ್ನೊಂದು ಕೆಲಸ. ಎರಡನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಬಾಗಿಲ ಬೆಳಕಿನಲ್ಲಿ ಕೂತು ತನ್ನ ಕೈ ನೋಡಿಕೊಂಡಳು. ಟೊಮೇಟೊ ಗಿಡ ಮುಟ್ಟಿದವರ ಕೈಗೆ ಒಂದು ಬಗೆಯ ಹಸಿರುಗಪ್ಪು ಕರೆ ಹತ್ತುತ್ತದೆ. ಸೋಪಿಗೂ ಬಗ್ಗದು, ಉಪ್ಪಿಗೂ ಬಗ್ಗದು. ಅವಳ ಉಗುರ ಸಂದಿಯಲ್ಲಿ ಹದಿನೆಂಟು ವರ್ಷ ಕೂತಿದ್ದ ಆ ಕರೆ ಪೂರ್ತಿ ಹೋಗಿತ್ತು. ಬೆರಳು ಮೂಗಿಗೆ ಹಿಡಿದಳು. ಎಲೆಯ ಆ ಘಾಟು ವಾಸನೆಯೂ ಇಲ್ಲ. ಯಾರೋ ಬೇರೆಯವರ ಕೈಯನ್ನು ತನ್ನ ಮಡಿಲಲ್ಲಿ ಇಟ್ಟು ಹೋದಂತೆ ಅನ್ನಿಸಿ ಅವಳು ಅತ್ತಳು. ಅಳುವುದು ಮಾತ್ರ ಮೊದಲಿನ ಹಾಗೇ ಇತ್ತು, ಅದರಲ್ಲಿ ತೊದಲಿಲ್ಲ.

"ಕೈ ಎಷ್ಟು ಚೆನ್ನಾಗಾಗಿದೆಯಲ್ಲಮ್ಮ" ಎಂದಿದ್ದಳು ಮಗಳು, ಸಮಾಧಾನಕ್ಕೆ.

ಹಗಲು ಉದ್ದವಾಗಿತ್ತು. ಮನೆಯಲ್ಲಿದ್ದದ್ದು ಎರಡು ಕೋಣೆ, ಹಿಂದೊಂದು ಬಚ್ಚಲು. ಮುಂದಿನ ಕೋಣೆಗೆ ತಗಡಿನ ಮಾಡು, ಅಲ್ಲಿ ಹತ್ತು ಗಂಟೆಯ ಮೇಲೆ ಕೂರುವ ಹಾಗಿಲ್ಲ. ಒಳಕೋಣೆಯಲ್ಲಿ ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಫ್ಯಾನಿನ ಕೆಳಗೆ ಕೂತು ಅವಳು ಮನಸ್ಸಿನಲ್ಲೇ ಸಾಲು ಹಿಡಿಯುತ್ತಿದ್ದಳು. ಈಗ ಗೇಟಿನ ಕಡೆಯ ತಾಕು ಮುಗಿದಿರಬೇಕು. ಈಗ ಡಬ್ಬಿ ಬಿಚ್ಚಿರುತ್ತಾರೆ. ಯಾರು ಯಾರ ಪಲ್ಯಕ್ಕೆ ಕೈ ಹಾಕಿರುತ್ತಾರೋ! ಬಗ್ಗಿ ಬಗ್ಗಿ ಸೊಂಟ ಸೆಟೆದಾಗ ಎಲ್ಲರೂ ಒಟ್ಟಿಗೆ ನೆಟ್ಟಗೆ ನಿಂತು ಅಯ್ಯಮ್ಮಾ ಎನ್ನುವ ಒಂದು ಗಳಿಗೆ ಇರುತ್ತದೆ. ಆ ನೋವು ಕೂಡ ಅವಳಿಗೆ ಬೇಕಾಗಿತ್ತು.

ತಡೆಯಲಾರದೆ ಒಂದು ವಾರ ನಸುಕಿಗೇ ಎದ್ದು, ಗೋಡೆ ಗೋಡೆ ಹಿಡಿದು ಬೀದಿಯ ತಿರುವಿಗೆ ಹೋಗಿ ನಿಂತಳು. ಟೆಂಪೊ ಬಂತು. ಹೆಂಗಸರು ಕೂಗಿದರು, ಕೈ ಹಿಡಿದರು. ಆದರೆ ಎಲ್ಲರೂ ಅವಳ ಜೊತೆ ಜೋರಾಗಿ, ನಿಧಾನವಾಗಿ, ಕೂಸಿನ ಜೊತೆ ಆಡುವ ಹಾಗೆ ಮಾತಾಡಿದರು. "ಊಟ... ಆಯ್ತಾ... ಅಕ್ಕಾ?" ಕೆಟ್ಟಿದ್ದು ತನ್ನ ನಾಲಿಗೆ, ಕಿವಿಯಲ್ಲ ಎಂದು ಹೇಳಬೇಕೆಂದಿತ್ತು. ಮೊದಲಾಗಿದ್ದರೆ ಅದನ್ನೇ ಹಿಡಿದುಕೊಂಡು ಅರ್ಧ ಗಂಟೆ ನಗಿಸುತ್ತಿದ್ದಳು. ಈಗ ಆ ಮಾತು ಬಾಯಿಯ ತನಕ ಬರುವಷ್ಟರಲ್ಲಿ ಟೆಂಪೊ ಹೊರಟಿರುತ್ತಿತ್ತು. ಎಂಟನೆಯ ದಿನದಿಂದ ಅವಳು ತಿರುವಿಗೆ ಹೋಗಲಿಲ್ಲ.

ಆ ವಾರ ಟೆಂಪೊದಲ್ಲಿ ವಾರಗಿತ್ತಿ ಒಮ್ಮೆಯೂ ಅವಳ ಕಡೆ ನೋಡಿರಲಿಲ್ಲ. ಗೋಡೆಯಾಚೆ ಪಾತ್ರೆ ಸದ್ದು ಕೇಳುತ್ತಿತ್ತು, ಕೆಮ್ಮು ಕೇಳುತ್ತಿತ್ತು. ಅವಳು ಮಾಡಿದ ಅಡುಗೆಯಲ್ಲಿ ಅರ್ಧ ಪಾಲು ಈ ಮನೆಯ ಮಗಳ ಕೈಯಲ್ಲಿ ತಪ್ಪದೆ ಬರುತ್ತಿತ್ತು. ಆಳು ಮಾತ್ರ ಬರುತ್ತಿರಲಿಲ್ಲ. ಜೀವ ಉಳಿಸಿದವಳು ಯಾಕೆ ಮುಖ ತಪ್ಪಿಸುತ್ತಾಳೆ? ಪೆದ್ದಿಯಂತೆ ತೊದಲುವವಳ ಜೊತೆ ಕೂರಲು ನಾಚಿಕೆಯೇ? ರೇಡಿಯೊ ಅಕ್ಕ ಇದನ್ನೇ ಅಗಿದು ಅಗಿದು ನೋಡಿದಳು.

ಮಾತಾಡಲು ಕಲಿತವನೆಂದರೆ ಗಂಡ. ಹದಿನೆಂಟು ವರ್ಷ ಅವಳ ದನಿಯ ಕೆಳಗೆ ಹಾಯಾಗಿ ಸುಮ್ಮನಿದ್ದವನಿಗೆ ಈಗ ಮನೆ ಬಿಕೋ ಎನ್ನುತ್ತಿತ್ತು. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಊಟದ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು ಶುರುಮಾಡುವನು. "ಇವತ್ತು ಒಂದು ಹಿಂದಿನ ಟೈರು ಬಂದಿತ್ತು." ಅವಳು ಕಾಯುವಳು. ಬಹಳ ಹೊತ್ತಾದ ಮೇಲೆ, "ಮೊಳೆ ಇತ್ತು" ಎನ್ನುವನು. ಕಥೆ ಮುಗಿಯಿತು. ಅವಳಿಗೆ ನಗು ಬಂದು ಅನ್ನ ನೆತ್ತಿಗೇರಿತು. ಅವನೂ ನಾಚಿಕೊಂಡು ನಕ್ಕ. ಆಮೇಲೆ ದಿನಕ್ಕೊಂದು ಟೈರಿನ ಕಥೆ ಹೇಳತೊಡಗಿದ. ಕೇಳುತ್ತ ಕೇಳುತ್ತ, ಇವನು ತನ್ನನ್ನು ಎಷ್ಟು ಹಂಬಲಿಸುತ್ತಿದ್ದಾನೆ, ಎದುರಲ್ಲೇ ಕೂತಿದ್ದರೂ, ಎಂದು ಅವಳಿಗೆ ಹೊಳೆಯಿತು. ಆ ಹಳೆಯ ಹೆಂಗಸಿಗಾಗಿ ಆ ಮನೆಯಲ್ಲಿ ಕಾಯುತ್ತಿದ್ದವರು ಇಬ್ಬರು.

ಬಿಸಿಲು ಇಳಿದು ಗಾಳಿ ಬೀಸತೊಡಗಿದ ತಿಂಗಳಲ್ಲಿ ಒಂದು ರಜೆಯ ಸಂಜೆ ಅವಳೇ ಎದ್ದು, ಗೋಡೆ ಸುತ್ತಿ, ವಾರಗಿತ್ತಿಯ ಮನೆಗೆ ಹೋದಳು. ಒಟ್ಟು ಹದಿನಾರು ಹೆಜ್ಜೆ, ನಡುವೆ ಒಮ್ಮೆ ನಿಂತಳು. ವಾರಗಿತ್ತಿ ಸೊಪ್ಪು ಬಿಡಿಸುತ್ತ ಕೂತಿದ್ದವಳು ಧಡಕ್ಕನೆ ಎದ್ದಳು.

"ಅಕ್ಕಾ, ನೀನ್ಯಾಕೆ ಬಂದೆ? ಕರೆದಿದ್ರೆ..."

"ಬ...ರ್ತಿ...ದ್ಯಾ?" ಎಂದಳು ರೇಡಿಯೊ ಅಕ್ಕ.

ವಾರಗಿತ್ತಿ ಮಣೆ ಹಾಕಿ ಕೂರಿಸಿ, ತಾನು ನೆಲಕ್ಕೆ ಕೂತು, ಸೊಪ್ಪಿನ ಕಡ್ಡಿಯೊಂದನ್ನು ಚೂರು ಚೂರು ಮಾಡಿದಳು. ಆಮೇಲೆ ಒಮ್ಮೆಲೇ ಹೇಳಿದಳು.

"ಬೀಳೋದಕ್ಕೆ ಮುಂಚೆ ನೀನು ಏನೇನೋ ಮಾತಾಡ್ತಿದ್ದೆ ಅಕ್ಕಾ. ಅರ್ಧ ಗಂಟೆ. ಬಾಗಿಲು ತೆಗೀರಿ, ಬಾಗಿಲು ತೆಗೀರಿ ಅಂತ ಗಿಡಕ್ಕೆ ಹೇಳ್ತಿದ್ದೆ. ಬಕೆಟ್ಟಿಗೆ ಹೆಸರಿಟ್ಟು ಬೈತಿದ್ದೆ. ನೀನು ಯಾವಾಗ್ಲೂ ಮಾಡೋ ಹಾಗೆ ಏನೋ ಆಟ ಕಟ್ಟಿದೀಯ ಅಂದ್ಕೊಂಡು ನಾವೆಲ್ಲ ನಕ್ವಿ. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ. ಇನ್ನೊಂದು ಸಲ ಹೇಳಕ್ಕಾ ಅಂದೆ. ಇನ್ನೊಂದು ಸಲ ಅಂತ ನಾನೇ ಅಂದೆ." ಅವಳು ಇನ್ನೊಂದು ಕಡ್ಡಿ ಮುರಿದಳು. "ಆಗಲೇ ಕೈ ಹಿಡಿದು ನೆರಳಿಗೆ ಎಳ್ಕೊಂಡು ಹೋಗಿದ್ರೆ ನಿನ್ನ ಮಾತು ನಿನ್ನ ಹತ್ರ ಇರ್ತಿತ್ತು. ಯಾವ ಮುಖ ಇಟ್ಕೊಂಡು ಬರ್ಲಿ?"

ರೇಡಿಯೊ ಅಕ್ಕ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. ಆ ಅರ್ಧ ಗಂಟೆ ಅವಳ ಬಳಿ ಇರಲಿಲ್ಲ. ಯಾರದೋ ಪೆಟ್ಟಿಗೆಯಲ್ಲಿದ್ದ ತನ್ನದೇ ಸಾಮಾನು ಈಗ ಕೈಗೆ ಬಂದಂತಾಯಿತು. ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಬಂತು, ಎದೆಯ ತನಕ ಬಂದು ನಿಂತಿತು. ಎದುರು ಕೂತವಳ ಕೃಶವಾದ ತೋಳು ನೋಡಿದಳು. ಈ ತೋಳೇ ತನ್ನನ್ನು ಮುಕ್ಕಾಲು ಗಂಟೆ ನೀರಿನ ಮೇಲೆ ಹಿಡಿದದ್ದು.

"ಬಕೆ...ಟ್ಟಿಗೆ," ಎಂದು ನಿಧಾನವಾಗಿ ಕೇಳಿದಳು, "ಏನ್ ಹೆಸ...ರಿಟ್ಟೆ?"

ವಾರಗಿತ್ತಿ ಕಣ್ಣೊರೆಸಿಕೊಂಡು ತಡವರಿಸಿದಳು. "ಮೇಸ್ತ್ರಿದು."

"ಸರಿ...ಯಾಗೇ ಇತ್ತ...ಲ್ಲ," ಎಂದಳು ರೇಡಿಯೊ ಅಕ್ಕ. ವಾರಗಿತ್ತಿ ಮೊದಲು ಬೆಚ್ಚಿ, ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ನಗುತ್ತಲೇ ಬಿಕ್ಕಳಿಸಿ ಅತ್ತಳು. ಆ ಸಂಜೆ ಸೊಪ್ಪು ಹಾಗೇ ಬಾಡಿತು.

ಅಂದಿನಿಂದ ಗೋಡೆಯ ಆಚೆಯವಳು ದಿನವೂ ಈಚೆ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. "ಮಾತು ಕೆಡೋದೇ ಮೊದಲನೇ ಗುರುತು ಅಂತ ಅವತ್ತು ಆಸ್ಪತ್ರೇಲಿ ಡಾಕ್ಟರಮ್ಮ ನಂಗೆ ಹೇಳಿದ್ರು, ಅದನ್ನ ನಾವು ಯಾಕೆ ಹಿಡೀಬಾರ್ದು?" ಎಂದು ತಲೆ ಓಡಿಸಿದಳು. ಇಬ್ಬರೂ ಕೂತು ಮಾಡಬೇಕಾದ್ದನ್ನೆಲ್ಲ ಯೋಚಿಸಿದರು. ಒಬ್ಬಳು ಹೇಳುವಳು, ಇನ್ನೊಬ್ಬಳು ತೊದಲುತ್ತ ತಿದ್ದುವಳು. ಮುಂದಿನ ಬೇಸಿಗೆಗೆ ಮೊದಲು ಹೆಂಗಸರೆಲ್ಲ ಒಟ್ಟಾಗಿ ಯಜಮಾನನ ಮುಂದೆ ನಿಂತರು. ಕೆಲಸ ನಸುಕಿಗೆ ಶುರುವಾಗಿ ಹತ್ತೂವರೆಗೆ ಮುಗಿಯಬೇಕು. ನೀರು ಸಾಲಿಗೇ ಬರಬೇಕು. ತೋಟದ ಎರಡೂ ತುದಿಗೆ ಹಸಿರು ಬಲೆಯ ನೆರಳು ಬೇಕು, ಹೆಂಗಸರಿಗೆ ಮರೆ ಬೇಕು. ಯಜಮಾನ ಮೂಗು ಮುರಿದ. ಬಿಡಿಸುವ ಕೈಗಳೆಲ್ಲ ಎರಡು ದಿನ ಮನೆಯಲ್ಲೇ ಉಳಿದಾಗ, ಗಿಡದಲ್ಲೇ ಹಣ್ಣು ಕೊಳೆಯತೊಡಗಿದಾಗ, ಒಪ್ಪಿಕೊಂಡ. ನೆರಳಿನ ಬಲೆ ಮಾತ್ರ ಒಂದೇ ತುದಿಗೆ ಬಂತು.

ಇನ್ನೊಂದು ಏರ್ಪಾಟು ಯಾರ ಅಪ್ಪಣೆಯೂ ಬೇಡದ್ದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಬ್ಬಳು ಪ್ರತಿ ಸಾಲಿನ ಹೆಂಗಸನ್ನೂ ಕೂಗಿ ಏನಾದರೂ ಕೇಳಬೇಕು. ನಿನ್ನೆ ಏನು ಅಡುಗೆ? ನಿನ್ನ ಅತ್ತೆ ಬೆಳಗ್ಗೆ ಏನಂದಳು? ಉತ್ತರ ಸರಿ ಬಂದರೆ ಸರಿ. ಅಡ್ಡಾದಿಡ್ಡಿ ಬಂದರೆ, ತಮಾಷೆಯೇ ಇರಲಿ, ಮೊದಲು ನೆರಳಿಗೆ, ಆಮೇಲೆ ನಗು.

ಚಳಿಯ ದಿನಗಳಲ್ಲಿ, ಡಾಕ್ಟರಮ್ಮನನ್ನು ಕಾಡಿ ಬೇಡಿ ಒಪ್ಪಿಸಿ, ರೇಡಿಯೊ ಅಕ್ಕನೂ ಕೆಲವು ದಿನ ಬೆಳಗ್ಗೆ ತೋಟಕ್ಕೆ ಹೋದಳು. ಮಂಜು ಇನ್ನೂ ಎಲೆಯ ಮೇಲಿರುವಾಗ, ಸಾಲಿನ ಕೊನೆಯಲ್ಲಿ ಮಗುಚಿಟ್ಟ ಕ್ರೇಟಿನ ಮೇಲೆ ಕೂತು, ತನ್ನ ಎಳೆದಾಡುವ ದನಿಯಲ್ಲಿ ಒಬ್ಬೊಬ್ಬರನ್ನೇ ಕೂಗುತ್ತಿದ್ದಳು. ಒಮ್ಮೆ ತಡೆಯಲಾರದೆ ಎದ್ದು ಬಕೆಟ್ಟು ಹಿಡಿದು ಬಗ್ಗಿದಳು. ಬೆರಳಿಗೆ ತೊಟ್ಟು ಸಿಗಲಿಲ್ಲ, ಹಣ್ಣು ಜಜ್ಜಿಹೋಯಿತು. ಅರ್ಧ ಬಕೆಟ್ಟು ತುಂಬಲು ಒಂದು ಗಂಟೆ ಹಿಡಿಯಿತು. ಮೇಸ್ತ್ರಿ ದೂರದಿಂದ ನೋಡಿದವನು ಏನೂ ಹೇಳದೆ ಆಚೆ ತಿರುಗಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಬೈಗುಳ ಕೆಲಸದವರಿಗೆ ಸಿಗುವುದು.

ಬಿಸಿಲು ಏರಿದಂತೆ ಅದೂ ನಿಂತಿತು. ನೆರಳಲ್ಲಿ ಕೂತರೂ ಎಂಟು ಗಂಟೆಗೇ ಅವಳ ತಲೆ ತಿರುಗುತ್ತಿತ್ತು. ಕೂಗುವ ಕೆಲಸ ಬೇಕಾಗುವ ತಿಂಗಳುಗಳಲ್ಲೇ ಅವಳು ಒಳಕೋಣೆಯಲ್ಲಿ ಇರಬೇಕಾಯಿತು. ವಾರಗಿತ್ತಿ ಆ ಕೆಲಸ ವಹಿಸಿಕೊಂಡಳು. ಅವಳಿಗೆ ಆಡಿ ತೋರಿಸಲು ಬಾರದು, ದನಿಯೂ ತೆಳು. ಆದರೆ ಒಬ್ಬರನ್ನೂ ಬಿಡದೆ ಕೇಳುತ್ತಿದ್ದಳು.

ಒಂದು ದಿನ ಅವಳು ಹೊತ್ತು ಮೀರಿ ಮಧ್ಯಾಹ್ನ ಮೂರಕ್ಕೆ ಬಂದವಳೇ ಚಪ್ಪಲಿ ಬಿಡುವುದಕ್ಕೆ ಮೊದಲೇ ಶುರುಮಾಡಿದಳು. "ಅಕ್ಕಾ, ಇವತ್ತು ಒಬ್ಬಳು ಸಿಕ್ಕಿಬಿದ್ಲು. ಹೋದ ತಿಂಗಳು ಸೇರಿದಳಲ್ಲ, ಉದ್ದ ಜಡೆಯವಳು. ನಿಮ್ಮನೇಲಿ ಎಷ್ಟು ಜನ ಅಂತ ಕೇಳಿದ್ರೆ, ಕೆಂಪು ಅಂದ್ಲು. ಇನ್ನೊಂದು ಸಲ ಕೇಳಿದೆ, ಕೆಂಪು ಅಂದ್ಲು. ಪಕ್ಕದವಳು ಕಿಸಕ್ಕನೆ ನಕ್ಕಳು. ನಾನು ಬಕೆಟ್ಟು ಎಸೆದು ಓಡಿದೆ. ಎಳ್ಕೊಂಡು ಹೋಗಿ ತೊಟ್ಟಿಗೆ ಹಾಕಿದ್ವಿ. ಮೇಸ್ತ್ರಿನೇ ಕಾಲು ಹಿಡಿದು ಎತ್ತಿದ, ಗೊತ್ತಾ? ಹತ್ತು ನಿಮಿಷಕ್ಕೆ ನಡುಗೋಕೆ ಶುರುಮಾಡಿ, ನನ್ನ ಯಾಕೆ ಮುಳುಗಿಸ್ತಿದೀರಿ ಅಂತ ಜಗಳಕ್ಕೇ ಬಂದ್ಲು!"

"ಆಸ್ಪ...ತ್ರೆ?"

"ಹೋಗಿ ತೋರಿಸ್ಕೊಂಡು ಬಂದ್ವಿ. ಏನೂ ಇಲ್ಲ, ಎರಡು ದಿನ ಮಲಗಲಿ ಅಂದ್ರು. ಟೆಂಪೊ ಇಳಿದು ಮನೆಗೆ ನಡ್ಕೊಂಡೇ ಹೋದ್ಲು."

"ನಡ್ಕೊಂ...ಡು," ಎಂದಳು ರೇಡಿಯೊ ಅಕ್ಕ. ಅವಳಿಗೆ ಸಂತೋಷವಾಗಿತ್ತು, ನಿಜವಾಗಿಯೂ ಆಗಿತ್ತು. ಆ ಸಂತೋಷದ ತಳದಲ್ಲಿ ಇನ್ನೊಂದು ಕೂತಿತ್ತು. ಎಲ್ಲರೂ ನಗುತ್ತ ಕಳೆದ ಆ ಅರ್ಧ ಗಂಟೆ. ಆ ಹುಡುಗಿಗೂ ತನಗೂ ನಡುವೆ ಇದ್ದದ್ದು ಅಷ್ಟೇ. ವಾರಗಿತ್ತಿ ಅವಳ ಮುಖ ನೋಡಿ ಮಾತು ನಿಲ್ಲಿಸಿದಳು. ರೇಡಿಯೊ ಅಕ್ಕ ಅವಳ ಕೈ ಮೇಲೆ ಕೈ ಇಟ್ಟು, "ಕರ್ಕೊಂ...ಡು ಬಾ. ನೋ...ಡ್ಬೇಕು" ಎಂದಳು.

ಮೂರನೆಯ ದಿನ ಸಂಜೆ ಆ ಹುಡುಗಿ ಬಂದಳು. ಮದುವೆಯಾಗಿ ವರ್ಷವಾಗಿರಲಿಲ್ಲ, ಕೂತಲ್ಲಿ ಕೂರುವ ಜಾತಿಯಲ್ಲ. ಚಹಾ ಕುಡಿಯುತ್ತ, ತೊಟ್ಟಿಯಲ್ಲಿ ಪಾಚಿ ಎಷ್ಟಿತ್ತು, ಕೂದಲು ತೊಳೆಯಲು ಎಷ್ಟು ಹೊತ್ತು ಹಿಡಿಯಿತು, ಗಂಡ ಹೇಗೆ ಬೆದರಿದ, ಅತ್ತೆ ಹೇಗೆ ನಂಬಲಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅತ್ತೆಯ ದನಿಯನ್ನೂ ಸ್ವಲ್ಪ ಆಡಿ ತೋರಿಸಿದಳು. ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಅತ್ತೆ ಮಾತು ಮುಗಿಸುವಾಗ ಸ್ವಲ್ಪ ತಡೆಯಬೇಕು, ಆಮೇಲೆ ಹುಬ್ಬು ಏರಿಸಬೇಕು ಎಂದು ರೇಡಿಯೊ ಅಕ್ಕನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ, ಕೇಳುತ್ತ ಕೂತಳು.

"ಬರ್ತೀನಿ ದೊಡ್ಡಕ್ಕಾ, ಅಡುಗೆಗೆ ಹೊತ್ತಾಯ್ತು" ಎಂದು ಹುಡುಗಿ ಎದ್ದಳು. ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಬೀದಿಯ ಅಂಚಿನ ಚರಂಡಿಗೆ ಹಾಸಿದ್ದ ಕಲ್ಲು ನಾಲ್ಕು ಹೆಜ್ಜೆ ಆಚೆ ಇತ್ತು. ಅವಳು ಅದರ ತನಕ ಹೋಗಲಿಲ್ಲ. ಜಡೆಯನ್ನು ಹಿಂದಕ್ಕೆ ಎಸೆದು, ಇದ್ದಲ್ಲಿಂದಲೇ ಚರಂಡಿಯನ್ನು ಹಾರಿ ದಾಟಿ, ಹಿಂತಿರುಗಿ ನೋಡದೆ ಬಿರಬಿರನೆ ನಡೆದಳು. ರೇಡಿಯೊ ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತು, ಆ ಕಾಲುಗಳು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.